ತಲೆಕಟ್ಟು

ನೋಡಯ್ಯಾ ಹೊಸಬ,
ಬ್ಯಾಂಗರಿನಿಂದ ಬಸ್ಸಿನಲ್ಲಿ
ತೊಡೆಯ ಮೇಲೆ ಕೂರಿಸಿಕೊಂಡು ತಂದೆ ನಿನ್ನ.
'ಕೂಸಿಗೂ ಟಿಕೆಟ್ ತಗೋ ಇದ್ವಾಲ್' ಎಂದು ನಕ್ಕ ಡ್ರೈವರು.

ನಿನ್ನ ಪೆಟ್ಟಿಗೆಯ ಮೇಲೆ ಮೂರು ಮುದ್ರೆ:
ದೊಡ್ಡವರಿಬ್ಬರದ್ದು, ಮತ್ತೆ ಫೋನಿನದು.
ನಮ್ಮದಿರಲಿಲ್ಲ. ಇರುತ್ತದೆಂದು
ನಾನೂ ಹುಡುಕಲಿಲ್ಲ. ಸುಳ್ಳು ಯಾಕೆ, ಹುಡುಕಿದೆ,
ತಳ ಮೇಲು ಮಾಡಿಯೂ ನೋಡಿದೆ.

ಇವಳು, ಈ ಮೇಜಿನ ಮೇಲಿನ ಮುದುಕಿ,
ಶಾಲೆ ಮುಚ್ಚಿದ ವರ್ಷ
ಕಸದ ಲಾರಿಯಿಂದ ಇಳಿಸಿಕೊಂಡವಳು.
ಮೇಲಿನ ಸಾಲಿನ ಗುಂಡಿಗಳೆಲ್ಲ ಕೆಂಪು.
ಇವಳ ಮಾತು ಬಲ್ಲವರು ಈಗ
ಒತ್ತಿ ಕೂತರೆ ಚಾಪೆಲ್ಲಿನ ಒಂದು ಬೆಂಚಿಗೆ ಸಾಕು.
ಆದರೂ ಸ್ವರಲಿಪಿ ಬರೆಯುವುದಕ್ಕೆ
ಇವಳ ಕೈಯೇ ಕೈ.

ಗಣಿಯ ಮೇಳಕ್ಕೆ ಮೂವತ್ತೆರಡು ಪ್ರತಿ ಬೇಕು,
ಶನಿವಾರಕ್ಕೆ. ಎಲೂನೆಡ್ ಹೇಳಿಯಾಗಿದೆ;
ಅವಳು ಎರಡು ಸಲ ಹೇಳುವವಳಲ್ಲ.

ಮೊದಲ ರಾತ್ರಿ ಇವಳು ತನ್ನ ಹಳೆ ಮಾತಿನಲ್ಲಿ
'ಇಲ್ಲೊಂದು ಗೆರೆ ಎಳೆ, ಇಲ್ಲೊಂದು ಕರಿಬೊಟ್ಟು ಇಡು' ಎಂದಳು.
ನೀನು ಎಳೆಯಲಿಲ್ಲ, ಇಡಲಿಲ್ಲ.
'ಗೆರೆ ಎಳೆ, ಬೊಟ್ಟು ಇಡು' ಎಂದೇ ಬರೆದೆ,
ಅರವತ್ತೊಂದು ಹಾಳೆ!
ಶೇಕಡಾ ಚಿಹ್ನೆ, ಆವರಣ, ಅಂಕಿ ಅಂಕಿ ಅಂಕಿ.
ನೀರು ತಾ ಎಂದರೆ
ನೀರು ತಾ ಎಂದು ಕಂಠಪಾಠ ಒಪ್ಪಿಸುವ ಶಿಷ್ಯ.
ತಂತಿ ಕೀಳುವಷ್ಟರಲ್ಲಿ ಅರ್ಧ ಮಸಿ ಖಾಲಿ.

ಎರಡನೆಯ ರಾತ್ರಿ ನಿನ್ನದು ಮೌನ.
ನೀಲಿ ದೀಪ ಮಿಟುಕಿಸುತ್ತ
ಗಾಳಿಯಲ್ಲಿ ಯಾರನ್ನೋ ಕರೆಯುತ್ತಿದ್ದೆ.
ಇವಳಿಗೋ ಗಾಳಿಯ ಮಾತು ತಿಳಿಯದು,
ತಂತಿಯಲ್ಲಿ ಬಂದರಷ್ಟೆ ಮಾತು.
ಎತ್ತು ಏರಿಗೆ, ಕೋಣ ನೀರಿಗೆ,
ನೊಗ ನನ್ನ ಕೈಯಲ್ಲಿ.

ಶುಕ್ರವಾರ ತ್ರೆಗಾರ್ಥಿನಿಂದ ಮೆಲೇರಿ ಬಂದಳು.
ಹಗಲು ಹಲ್ಲಿನ ಡಾಕ್ಟರ ಬಳಿ ಕೆಲಸ, ರಾತ್ರಿ ಇಂಥ ಹುಚ್ಚು.
ಇಸ್ಪೀಟೆಲೆಯಷ್ಟಗಲದ ಬೋರ್ಡೊಂದನ್ನು
ಬಿಸ್ಕತ್ ಡಬ್ಬಿಯ ಮುಚ್ಚಳದಲ್ಲಿ ಕೂರಿಸಿ
ನಿಮ್ಮಿಬ್ಬರ ನಡುವೆ ಇಟ್ಟಳು.
'ಇದು ದುಭಾಷಿ. ಅವಳು ಹೇಳಿದ್ದು ಕೇಳಿ
ತಾನೇ ಚಿತ್ರ ಮಾಡಿಕೊಂಡು
ಚುಕ್ಕಿ ಚುಕ್ಕಿಯಾಗಿ ಇವನ ಕಿವಿಗೆ ಉಸುರುತ್ತದೆ,
ಆರುನೂರ ಮೂವತ್ತೊಂದನೆಯ ಬಾಗಿಲಲ್ಲಿ ನಿಂತು.'
ಅಷ್ಟು ಬಾಗಿಲು ಯಾವ ಮನೆಗೆ, ಎಂದೆ.
'ನೀನು ಟೀ ಮಾಡು, ಇದ್ವಾಲ್.'

ರಾತ್ರಿ ಒಂದಕ್ಕೆ ನೀನು ಕೆಮ್ಮಿದೆ.
ಹಾಳೆಯ ತುದಿ ನಾಲಗೆಯಂತೆ ಹೊರಚಾಚಿತು.
ಐದು ಗೆರೆ. ನೆಟ್ಟಗೆ.
ಸ್ವರಗಳು ಹಗ್ಗದ ಮೇಲಿನ ಹಕ್ಕಿಗಳಲ್ಲ,
ಹೊಡೆದ ಮೊಳೆಗಳು, ಅಲುಗಾಡವು.
ಮೆಲೇರಿ ಕುಣಿದಳು. ನಾನು ಕನ್ನಡಕ ಹಾಕಿಕೊಂಡೆ.

ಕೆಳಗೆ, ಮಾತಿನ ಸಾಲಿನಲ್ಲಿ,
ನೀರು ಇರಬೇಕಿತ್ತು. ದೂರ್ ಎನ್ನುತ್ತೇವೆ ನಾವು ನೀರಿಗೆ.
ನಡುವಿನ ಅಕ್ಷರಕ್ಕೊಂದು ತಲೆಕಟ್ಟು,
ಪುಟ್ಟ ಮನೆಯ ಮಾಡು.
ಅಲ್ಲಿ ಅಕ್ಷರವೂ ಇಲ್ಲ, ಮಾಡೂ ಇಲ್ಲ,
ಒಂದು ಪ್ರಶ್ನಾರ್ಥಕ ಚಿಹ್ನೆ.
ಹಾಡಿನಲ್ಲಿ ಹನ್ನೊಂದು ಕಡೆ ನೀರು. ಹನ್ನೊಂದು ಪ್ರಶ್ನೆ.

ಇವಳು ಸರಿಯಾಗಿಯೇ ಹೇಳಿದ್ದಳು.
ನೀನು ಕೇಳಿದ್ದನ್ನು ಬರೆದೆ.
ಜಗತ್ತಿನಲ್ಲಿ ಇಂಥದೊಂದು ಅಕ್ಷರ ಉಂಟೆಂದು
ದುಭಾಷಿಗೆ ಯಾರೂ ಹೇಳಿರಲಿಲ್ಲ.

'ಒಂದು ಪಟ್ಟಿ ಸೇರಿಸಿದರಾಯಿತು, ನಾಳೆ.'
ನಾಳೆಯೇ ಶನಿವಾರ, ಮೆಲೇರಿ.

ಬೋಳು ಅಕ್ಷರ ಹಾಕಿಯೇ ಪ್ರತಿ ತೆಗೆದೆವು.
ಎಲೂನೆಡ್ ಒಂದು ಹಾಳೆ ಎತ್ತಿ ನೋಡಿ
ನನ್ನನ್ನು ನೋಡಿ
ಚೀಲದಿಂದ ಪೆನ್ನು ತೆಗೆದಳು.
ತಲೆಕಟ್ಟಿಲ್ಲದೆ ದೀರ್ಘವಿಲ್ಲ;
ನಾಲ್ಕು ಎಣಿಕೆ ನಿಲ್ಲಬೇಕಾದ ದನಿ
ಎರಡಕ್ಕೇ ಮಂಡಿಯೂರುತ್ತದೆ.

ಕೈರ್ನಾರ್ವನ್‌ಗೆ ಹೋಗುವ ಬಸ್ಸಿನಲ್ಲಿ
ಪೆನ್ನು ಸೀಟಿನಿಂದ ಸೀಟಿಗೆ ಹೋಯಿತು.
ಮುನ್ನೂರ ಐವತ್ತೆರಡು ತಲೆಕಟ್ಟು,
ತಿರುವು ಬಂದಾಗೆಲ್ಲ ಒಂದೊಂದು ವಾರೆ.
ಕೆಳದನಿಯ ಗ್ವಿಲಿಮ್ ತನ್ನದನ್ನು
ಮೇಲಿನ ಗೆರೆ ದಾಟಿಸಿ ಎಳೆದ,
ಹಾಡುವಾಗ ಎಲ್ಲರೂ ನಿಲ್ಲಿಸಿದ ಮೇಲೂ
ಅವನೊಬ್ಬ ನೀರಿನಲ್ಲೇ ಇದ್ದ.

ಬಹುಮಾನ ಬರಲಿಲ್ಲ.

ಸೋಮವಾರದಿಂದ ನೀನೇ ಹಾಕುತ್ತಿದ್ದೀಯ,
ಎಲ್ಲಕ್ಕೂ ಒಂದೇ ಅಳತೆ, ಒಂದೇ ಕೋನ.
ಸರಿಯಾಗಿಯೇ ಇದೆ.
ತುಸು ಚಿಕ್ಕದು.